ಕಾಣದ ಸೋರಿಕೆಗೆ ನೀರುಗಂಟಿ ಯಾರು?

(ತೈಲ ಮತ್ತು ಅನಿಲ ಉದ್ಯಮದ ಮೀಥೇನ್ ಸೋರಿಕೆ, ಅದನ್ನು ತಡೆಯುವ ನಿಯಮಗಳು ಇವುಗಳ ಬಗ್ಗೆ ತುಮಕೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ರೈತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಂಡಿದೆ.)

ಕೆರೆಯ ನೀರು ಹೊರಗೆ ಹೋಗುವುದಕ್ಕೆ ಮೂರು ದಾರಿ ಇವೆ ಎಂಬುದನ್ನು ತುಮಕೂರು, ಕೋಲಾರದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ತೂಬು ಎತ್ತಿದಾಗ ಹೋಗುವುದು ನಾವೇ ಬಿಟ್ಟ ನೀರು. ಕೋಡಿ ಹರಿದಾಗ ಹೋಗುವುದು ಕೆರೆಗೆ ಹಿಡಿಸದ ನೀರು. ಏರಿಯೊಳಗೆ ಇಲಿಯೋ ಏಡಿಯೋ ಕೊರೆದ ಬಿಲದಿಂದ ಜಿನುಗುವುದು ಯಾರ ಗಮನಕ್ಕೂ ಬಾರದೆ ಹೋಗುವ ನೀರು. ತೂಬು ಎತ್ತಿ ಇಳಿಸುವುದರ ಜೊತೆಗೆ ಏರಿಯ ಮೇಲೆ ನಡೆದಾಡಿ, ಕೆಳಮಗ್ಗುಲಲ್ಲಿ ಎಲ್ಲಿ ಮಣ್ಣು ತೇವವಾಗಿದೆ ಎಂದು ನೋಡುವುದೂ ನೀರುಗಂಟಿಯ ಕೆಲಸವಾಗಿತ್ತು.

ತೈಲ ಮತ್ತು ಅನಿಲ ಉದ್ಯಮದಿಂದ ಮೀಥೇನ್ ಹೊರಬೀಳುವುದೂ ಇದೇ ಮೂರು ದಾರಿಯಲ್ಲಿ. ಬೇಕೆಂದೇ ಗಾಳಿಗೆ ಬಿಡುವುದು ವೆಂಟಿಂಗ್, ಅದು ತೂಬು. ಸಾಗಿಸಲಾಗದ್ದನ್ನು ಎತ್ತರದ ಕೊಳವೆಯ ತುದಿಯಲ್ಲಿ ಉರಿಸುವುದು ಫ್ಲೇರಿಂಗ್, ಅದು ಕೋಡಿ. ಗೊತ್ತಿಲ್ಲದೆ ಸೋರುವುದು ಲೀಕ್, ಅದು ಬಿಲ. ಮೂರಕ್ಕೂ ಮೂರು ಬಗೆಯ ನಿಯಮ ಬೇಕು. ನೀರಿನ ಜಿನುಗು ಕಣ್ಣಿಗೆ ಬೀಳುತ್ತದೆ, ಕಾಲಿಗೆ ಕೆಸರಾಗುತ್ತದೆ. ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಹಗುರ. ಸೋರಿದ್ದು ಮೇಲೆ ಹೋಯಿತೆಂದರೆ ಗುರುತೂ ಉಳಿಯುವುದಿಲ್ಲ. ಹಾಗಾಗಿ ಜಗತ್ತು ಬಹಳ ವರ್ಷ ಅದನ್ನು ಅಳೆಯಲೇ ಇಲ್ಲ, ಕೂತಲ್ಲೇ ಲೆಕ್ಕ ಹಾಕಿತು. ಇವತ್ತಿನ ಮಾತೆಲ್ಲ ಈ ಎರಡರ ನಡುವಿನ ಅಂತರದ ಬಗ್ಗೆ.

ಅನಿಲದ ಸ್ವಭಾವವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಡುಗೆಮನೆಗೆ ಪೈಪಿನಲ್ಲಿ ಬರುವ ಪಿಎನ್‌ಜಿ, ಆಟೊಗಳಿಗೆ ತುಂಬುವ ಸಿಎನ್‌ಜಿ, ಎರಡೂ ಹೆಚ್ಚುಕಡಿಮೆ ಮೀಥೇನೇ. ಉರಿಸಿದರೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಹೋದರೆ, 20 ವರ್ಷದ ಲೆಕ್ಕದಲ್ಲಿ, ಅದೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಸುಮಾರು 30 ಪಟ್ಟು. ಗಾಳಿಯಲ್ಲಿ ಇದರ ಆಯುಸ್ಸು ಸುಮಾರು 12 ವರ್ಷವಾದ್ದರಿಂದ ಈ ವ್ಯತ್ಯಾಸ. ಇವತ್ತು ಸೋರಿಕೆ ನಿಲ್ಲಿಸಿದರೆ ಅದರ ಫಲ ನಮ್ಮ ಕಾಲದಲ್ಲೇ ಕಾಣುತ್ತದೆ. ಕಾರ್ಬನ್ ಡೈಆಕ್ಸೈಡಿನ ವಿಷಯದಲ್ಲಿ ಈ ಮಾತು ಹೇಳಲು ಬರುವುದಿಲ್ಲ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ನೂರು ಕೋಟಿ ಕಣಗಳಲ್ಲಿ ಸುಮಾರು 720 ಮೀಥೇನ್ ಕಣಗಳಿದ್ದವು. ಈಗ 1,900 ದಾಟಿವೆ.

ನಮ್ಮ ಜಿಲ್ಲೆಯಲ್ಲಿ ತೈಲ ಬಾವಿ ಇಲ್ಲ. ಆದರೆ ಮಹಾರಾಷ್ಟ್ರದ ಕರಾವಳಿಯ ದಾಭೋಲ್‌ನಿಂದ ಬೆಂಗಳೂರಿನ ಕಡೆಗೆ ಬರುವ ಅನಿಲದ ಕೊಳವೆ ಮಾರ್ಗ ಬೆಳಗಾವಿ, ಧಾರವಾಡ, ಚಿತ್ರದುರ್ಗ ದಾಟಿ ತುಮಕೂರು ಜಿಲ್ಲೆಯ ಹೊಲಗಳ ಅಡಿಯಲ್ಲೇ ಹೋಗುತ್ತದೆ. 2013ರಿಂದ ಅದರಲ್ಲಿ ಅನಿಲ ಹರಿಯುತ್ತಿದೆ. ಆ ಕೊಳವೆಯ ಹಿಂದೆ ಬಾವಿ, ಹಡಗು, ಅನಿಲವನ್ನು ಒತ್ತಿ ಮುಂದೆ ತಳ್ಳುವ ಕಂಪ್ರೆಸರ್, ಟ್ಯಾಂಕುಗಳ ಒಂದು ದೊಡ್ಡ ಸರಪಳಿ ಇದೆ. ಆ ಸರಪಳಿಯಲ್ಲಿ ಯಾವ ಕೊಂಡಿ ಎಷ್ಟು ಸೋರುತ್ತದೆ ಎಂದು ಹತ್ತಿರದಿಂದ ನೋಡೋಣ.

ಕಂಟ್ರೋಲರ್ ಎಂಬ ಸಣ್ಣ ಡಬ್ಬಿ

ತೈಲ ಬಾವಿಯ ಹತ್ತಿರ ಸೆಪರೇಟರ್ ಎಂಬ ದೊಡ್ಡ ಹಂಡೆ ಇರುತ್ತದೆ. ಬಾವಿಯಿಂದ ಬಂದ ಎಣ್ಣೆ, ನೀರು, ಅನಿಲ ಮೂರೂ ಅದರಲ್ಲಿ ಬೇರೆಯಾಗುತ್ತವೆ. ಒಳಗೆ ದ್ರವದ ಮಟ್ಟ ಏರಿದಾಗ ಕೆಳಗಿನ ವಾಲ್ವ್ ತೆರೆಯಬೇಕು, ಇಳಿದಾಗ ಮುಚ್ಚಬೇಕು. ಊರಿಂದ ದೂರದ ಬಾವಿಗೆ ಕರೆಂಟ್ ಎಲ್ಲಿಂದ ತರುವುದು? ಹೇಗೂ ಅನಿಲಕ್ಕೆ ಒತ್ತಡ ಇದೆಯಲ್ಲ, ಅದರಿಂದಲೇ ವಾಲ್ವ್ ಆಡಿಸೋಣ ಎಂದು ಹಿಂದಿನವರು ಮಾಡಿಕೊಂಡ ಉಪಾಯ ನ್ಯೂಮ್ಯಾಟಿಕ್ ಕಂಟ್ರೋಲರ್. ಒಳಗೆ ಒಂದು ಸಣ್ಣ ನಾಜಲ್, ಅದರ ಮುಂದೆ ಸರಿದಾಡುವ ಒಂದು ತಗಡಿನ ಪಟ್ಟಿ. ಪಟ್ಟಿ ನಾಜಲ್‌ಗೆ ಹತ್ತಿರ ಬಂದರೆ ಹಿಂದೆ ಒತ್ತಡ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ. ಆ ಒತ್ತಡ ಡಯಾಫ್ರಮ್ ಎಂಬ ಬಾಗುವ ಪೊರೆಯನ್ನು ತಳ್ಳುತ್ತದೆ, ವಾಲ್ವ್ ಆಡುತ್ತದೆ. ಬುದ್ಧಿವಂತ ಯಂತ್ರವೇ ಸರಿ. ಆದರೆ ನಾಜಲ್‌ನಿಂದ ಹೊರಬಂದ ಅನಿಲ ಹೋಗುವುದು ಗಾಳಿಗೆ, ಹಗಲೂ ರಾತ್ರಿಯೂ.

ಗಂಟೆಗೆ 6 ಘನ ಅಡಿಗಿಂತ ಹೆಚ್ಚು ಬಿಡುವಂಥದ್ದನ್ನು ಅಮೆರಿಕದ ನಿಯಮಗಳು ‘ಹೈ ಬ್ಲೀಡ್’ ಎಂದು ಕರೆದವು. ಅಲ್ಲಿನ ವರದಿ ನಿಯಮದಲ್ಲಿ ಬಹುಕಾಲ ಇದ್ದ ಸರಾಸರಿ ಗಂಟೆಗೆ 37.3 ಘನ ಅಡಿ, ಎಂದರೆ ಒಂದು ಘನ ಮೀಟರಿಗೆ ತುಸು ಹೆಚ್ಚು. ವರ್ಷಕ್ಕೆ 9,000 ಘನ ಮೀಟರ್ ದಾಟುತ್ತದೆ. ಅಡುಗೆಗೆ ತಿಂಗಳಿಗೆ 15 ಘನ ಮೀಟರ್ ಪಿಎನ್‌ಜಿ ಬಳಸುವ ಮನೆ ಎಂದಿಟ್ಟುಕೊಂಡರೆ, ಕೈಯಲ್ಲಿ ಹಿಡಿಯಬಹುದಾದ ಒಂದು ಡಬ್ಬಿ ಐವತ್ತು ಮನೆಗಳ ವರ್ಷದ ಅಡುಗೆಯ ಗ್ಯಾಸನ್ನು ಸುಮ್ಮನೆ ಊದಿಬಿಡುತ್ತದೆ. ಯಾವುದೂ ಕೆಟ್ಟಿಲ್ಲ, ಯಾರೂ ತಪ್ಪು ಮಾಡಿಲ್ಲ, ಯಂತ್ರ ತನ್ನ ವಿನ್ಯಾಸದಂತೆ ನಡೆಯುತ್ತಿದೆ ಅಷ್ಟೆ. ಇಂಥ ಕಡೆ ‘ಸೋರಿಕೆ ಹುಡುಕಿ’ ಎಂದರೆ ಏನು ಹುಡುಕುವುದು? ‘ಈ ಯಂತ್ರವನ್ನೇ ಇಡಬೇಡಿ’ ಎಂದು ಬರೆಯಬೇಕು. ಬದಲಿಗೆ ಸಣ್ಣ ಕಂಪ್ರೆಸರ್ ಇಟ್ಟು, ತೇವ ತೆಗೆದ ಗಾಳಿಯಲ್ಲೇ ಅದೇ ಕಂಟ್ರೋಲರ್ ಓಡಿಸಬಹುದು. ಸೋಲಾರ್ ಫಲಕ, ಬ್ಯಾಟರಿ ಇಟ್ಟು ವಿದ್ಯುತ್ ವಾಲ್ವ್ ಹಾಕಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ನಿಯಮ ಹೊಸ ಬಾವಿಗಳಿಗೆ ಇದನ್ನೇ ಹೇಳಿತು. ಅಲಾಸ್ಕಾದಲ್ಲಿ ಕರೆಂಟ್ ಇಲ್ಲದ ಜಾಗಗಳಿಗೆ ಮಾತ್ರ ರಿಯಾಯಿತಿ. ಗಾಳಿಯ ಕಂಪ್ರೆಸರ್ ಹಾಕುವಾಗ ಡ್ರೈಯರ್ ಬಿಟ್ಟರೆ ಚಳಿಯಲ್ಲಿ ಲೈನಿನೊಳಗೆ ನೀರು ಕಟ್ಟಿ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆಪರೇಟರ್ ಬೇಸತ್ತು ಮತ್ತೆ ಅನಿಲಕ್ಕೇ ತಿರುಗಿಸಿಕೊಳ್ಳುತ್ತಾನೆ. ಇದೂ ನಡೆಯುವುದೇ.

ಎರಡನೆಯದು ಕಂಪ್ರೆಸರ್. ಪಿಸ್ಟನ್ ಇರುವ ಬಗೆಯದರಲ್ಲಿ ಪಿಸ್ಟನ್ ರಾಡ್ ಸಿಲಿಂಡರಿನಿಂದ ಹೊರಬರುವ ಕಡೆ ಬಳೆಗಳನ್ನು ಜೋಡಿಸಿದ ಪ್ಯಾಕಿಂಗ್ ಇರುತ್ತದೆ. ಬೋರ್‌ವೆಲ್‌ನ ಕೈಪಂಪಿನಲ್ಲಿ ವಾಷರ್ ಸವೆದರೆ ಏನಾಗುತ್ತದೋ ಇಲ್ಲೂ ಅದೇ. ಹೊಸದಾಗಿ, ಸರಿಯಾಗಿ ಕೂರಿಸಿದ ಪ್ಯಾಕಿಂಗ್ ಕೂಡ ಒಂದು ರಾಡಿಗೆ ಗಂಟೆಗೆ ಸುಮಾರು 11 ಘನ ಅಡಿ ಬಿಡುತ್ತದೆ. ಸವೆದದ್ದು 900ರವರೆಗೆ ಬಿಟ್ಟ ದಾಖಲೆ ಇದೆ. ಅಮೆರಿಕದ 2012ರ ನಿಯಮ 26,000 ಗಂಟೆ ಓಡಿದ ಮೇಲೆ ಅಥವಾ 36 ತಿಂಗಳಿಗೊಮ್ಮೆ ಪ್ಯಾಕಿಂಗ್ ಬದಲಿಸಿ ಎಂದಿತ್ತು. ನೋಡಲು ಕಟ್ಟುನಿಟ್ಟು. ಆದರೆ ರಾಡಿಗೆ ಗೀರು ಬಿದ್ದಿದ್ದರೆ, ಜೋಡಣೆ ಓರೆಯಾಗಿದ್ದರೆ ಹೊಸ ಪ್ಯಾಕಿಂಗ್ ಮೂರೇ ತಿಂಗಳಿಗೆ ಹೋಗುತ್ತದೆ. ಉಳಿದ 33 ತಿಂಗಳು ನಿಯಮದ ಪ್ರಕಾರ ಎಲ್ಲವೂ ಸರಿಯಾಗೇ ಇರುತ್ತದೆ! ಹೊಸ ನಿಯಮ ದಿನಾಂಕ ಬಿಟ್ಟು ಅಳತೆಗೆ ಬಂದಿದೆ: ಒಂದು ಸಿಲಿಂಡರಿಗೆ ನಿಮಿಷಕ್ಕೆ 2 ಘನ ಅಡಿ ದಾಟಿದರೆ ರಿಪೇರಿ ಮಾಡಲೇಬೇಕು. ಕ್ಯಾಲೆಂಡರಿಗಿಂತ ಮೀಟರ್ ಮೇಲು.

ಮೂರನೆಯದು ಟ್ಯಾಂಕಿನ ಮುಚ್ಚಳ. ಅದಕ್ಕೆ ‘ಥೀಫ್ ಹ್ಯಾಚ್’ ಎಂದು ಹೆಸರು. ಎಣ್ಣೆಯ ಮಾದರಿ ತೆಗೆಯುವ ಉದ್ದನೆಯ ಉಪಕರಣವನ್ನು ಆ ಕಸುಬಿನಲ್ಲಿ ‘ಥೀಫ್’ ಎನ್ನುತ್ತಾರೆ, ಅದನ್ನು ಇಳಿಬಿಡುವ ಬಾಯಿ ಇದು. ನಮ್ಮ ಮಟ್ಟಿಗೆ ಕಳ್ಳ ಮುಚ್ಚಳ ಎಂದರೂ ತಪ್ಪಿಲ್ಲ. ಸೆಪರೇಟರಿನ ಹೆಚ್ಚು ಒತ್ತಡದಿಂದ ಟ್ಯಾಂಕಿನ ಕಡಿಮೆ ಒತ್ತಡಕ್ಕೆ ಎಣ್ಣೆ ಬಂದಾಗ ಅದರೊಳಗೆ ಕರಗಿದ್ದ ಅನಿಲ, ಸೋಡಾ ಬಾಟಲಿ ತೆರೆದಂತೆ, ಬುಸ್ಸೆಂದು ಬಿಡುಗಡೆಯಾಗುತ್ತದೆ. ಅದನ್ನು ಹಿಡಿದು ಮತ್ತೆ ಲೈನಿಗೆ ತಳ್ಳುವ ವೇಪರ್ ರಿಕವರಿ ಯಂತ್ರ ಇರಬೇಕು. ಇದ್ದರೂ ಚಿಕ್ಕದಾಗಿದ್ದರೆ ಟ್ಯಾಂಕಿನ ಒತ್ತಡ ಏರಿ ಮುಚ್ಚಳ ತಾನೇ ಎದ್ದುಕೊಳ್ಳುತ್ತದೆ. ಒಮ್ಮೆ ಎದ್ದ ಮುಚ್ಚಳದ ಗ್ಯಾಸ್ಕೆಟ್ ಮೇಲೆ ಮೇಣ, ಮರಳು ಕೂತರೆ ಅದು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಕೆಲವೊಮ್ಮೆ ಕಾರಣ ಇನ್ನೂ ಸರಳ: ಮಾದರಿ ತೆಗೆದವನು ಚಿಲಕ ಹಾಕದೆ ಇಳಿದು ಹೋಗಿರುತ್ತಾನೆ. ಹೆಲಿಕಾಪ್ಟರಿನಿಂದ ಕ್ಯಾಮೆರಾ ಹಿಡಿದು ನೋಡಿದ ಸಮೀಕ್ಷೆಗಳಲ್ಲಿ ದೊಡ್ಡ ಹೊಗೆ ಹೆಚ್ಚಾಗಿ ಕಂಡದ್ದು ಟ್ಯಾಂಕುಗಳ ನೆತ್ತಿಯಲ್ಲೇ.

ಕೊಳವೆ ಮಾರ್ಗದ್ದು ಬೇರೆ ಕಥೆ. ಅಲ್ಲಿ ದೊಡ್ಡ ಪಾಲು ರಿಪೇರಿಯದು. ಊರಿಲ್ಲದ ಕಡೆ ಎರಡು ವಾಲ್ವ್ ಸ್ಟೇಷನ್‌ಗಳ ನಡುವೆ 30 ಕಿಲೋಮೀಟರ್ ಅಂತರ ಇರಬಹುದು. 30 ಇಂಚಿನ ಕೊಳವೆ, 80 ಬಾರ್ ಒತ್ತಡ ಎಂದಿಟ್ಟುಕೊಳ್ಳಿ. ನಡುವೆ ಒಂದು ಕಡೆ ವೆಲ್ಡಿಂಗ್ ಮಾಡಬೇಕಾದರೆ ಅಷ್ಟೂ ಉದ್ದ ಖಾಲಿ ಮಾಡಬೇಕು. ಒಳಗಿರುವುದು 10 ಲಕ್ಷ ಘನ ಮೀಟರಿಗೂ ಹೆಚ್ಚು ಅನಿಲ, 5,000ಕ್ಕೂ ಹೆಚ್ಚು ಮನೆಗಳ ಒಂದು ವರ್ಷದ ಅಡುಗೆ. ವೆಂಟ್ ತೆರೆದು ಬಿಟ್ಟರೆ ಕೆಲವೇ ಗಂಟೆಯಲ್ಲಿ ಖಾಲಿ. ಬೇರೆ ದಾರಿಗಳಿವೆ. ಮೊದಲು ಹಿಂದಿನ ವಾಲ್ವ್ ಮುಚ್ಚಿ, ಮುಂದಿನ ಗ್ರಾಹಕರು ಬಳಸಿದಷ್ಟೂ ಒತ್ತಡ ಇಳಿಯಲು ಬಿಡುವುದು. ಆಮೇಲೆ ಲಾರಿಯ ಮೇಲಿನ ಕಂಪ್ರೆಸರ್ ತಂದು ಉಳಿದದ್ದನ್ನು ಪಕ್ಕದ ಭಾಗಕ್ಕೆ ಪಂಪ್ ಮಾಡುವುದು. ಕೊನೆಗೆ ಉಳಿದ ಸ್ವಲ್ಪವನ್ನು ಉರಿಸುವುದು. ಹರಿವು ನಿಲ್ಲಿಸದೆಯೇ ಕೊಳವೆಗೆ ಕವಲು ಕೂರಿಸುವ ಹಾಟ್ ಟ್ಯಾಪಿಂಗ್ ಕೂಡ ಇದೆ. ಇದಕ್ಕೆಲ್ಲ ಎರಡು ಮೂರು ದಿನ ಹೆಚ್ಚು ಬೇಕು, ಬಾಡಿಗೆ ಕೊಡಬೇಕು. ನಿಯಮ ಇಲ್ಲದಿದ್ದರೆ ಮೇಸ್ತ್ರಿ ವೆಂಟ್ ತೆರೆಯುವುದು ಸಹಜ.

ಕಳೆದುಬಿಟ್ಟರೆ ಸಿಗದ ಉತ್ತರ

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ಪ್ರಶ್ನೆ ಎತ್ತುತ್ತಾರೆ. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಎಂದು ಮೀಟರ್ ಇರುತ್ತದಲ್ಲ, ಕಳೆದರೆ ಸೋರಿಕೆ ಸಿಗುವುದಿಲ್ಲವೆ? ಗೊರೂರು ಅಣೆಕಟ್ಟೆಯಿಂದ ಬಿಟ್ಟ ಹೇಮಾವತಿ ನೀರಿನಲ್ಲಿ ತುಮಕೂರಿನ ಬುಗುಡನಹಳ್ಳಿ ಕೆರೆಗೆ ಬಂದದ್ದೆಷ್ಟು ಎಂದು ನಾವು ಹಾಗೇ ತಾನೆ ಕೇಳುವುದು.

ನಾಲೆಯಲ್ಲಿ ಕಳೆಯುವ ಪ್ರಮಾಣ ದೊಡ್ಡದು, ಆದ್ದರಿಂದ ಆ ವ್ಯವಕಲನ ನಡೆಯುತ್ತದೆ. ಅನಿಲದ ಮೀಟರಿನಲ್ಲಿ ಶೇ 1ರಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸೋರಿಕೆ ಶೇ 0.5 ಇದ್ದರೆ ಅದು ಮೀಟರಿನ ತಪ್ಪಿನೊಳಗೇ ಮುಳುಗಿ ಹೋಗುತ್ತದೆ. ಕೆಲವು ತಿಂಗಳು ಬಂದದ್ದಕ್ಕಿಂತ ಹೋದದ್ದೇ ಹೆಚ್ಚು ಎಂದು ಪುಸ್ತಕದಲ್ಲಿ ಕಾಣುವುದೂ ಉಂಟು! ಹೀಗಾಗಿ ‘ಲೆಕ್ಕಕ್ಕೆ ಸಿಗದ ಅನಿಲ’ ಎಂಬ ಕಾಲಂ ನೋಡಿ ಮೀಥೇನ್ ನಿಯಂತ್ರಿಸುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ.

ಹಾಗಾದರೆ ಸರ್ಕಾರಗಳಿಗೆ ಅಂಕಿ ಎಲ್ಲಿಂದ ಬರುತ್ತಿತ್ತು? ಎಮಿಷನ್ ಫ್ಯಾಕ್ಟರ್‌ಗಳಿಂದ. ಒಂದು ವಾಲ್ವ್ ಸರಾಸರಿ ಇಷ್ಟು ಸೋರುತ್ತದೆ, ಒಂದು ಕಂಟ್ರೋಲರ್ ಇಷ್ಟು. ನಿಮ್ಮಲ್ಲಿ ವಾಲ್ವ್ ಎಷ್ಟಿವೆ? ಗುಣಿಸಿ ಬರೆಯಿರಿ. ಈ ಸರಾಸರಿಗಳಲ್ಲಿ ಬಹಳಷ್ಟು ಅಮೆರಿಕದಲ್ಲಿ 1990ರ ದಶಕದಲ್ಲಿ ಮಾಡಿದ ಅಳತೆಗಳಿಂದ ಬಂದವು. ಅಲ್ಲಿಂದ ಅವು ಜಗತ್ತಿನ ಲೆಕ್ಕದ ಪುಸ್ತಕಗಳಿಗೆಲ್ಲ ಇಳಿದವು. ಹತ್ತು ಬಾವಿಯವನು ಶ್ರದ್ಧೆಯಿಂದ ಎಲ್ಲ ಸೋರಿಕೆ ಮುಚ್ಚಿದರೂ ಅವನ ಅಂಕಿ ಇಳಿಯುವುದಿಲ್ಲ. ಪಕ್ಕದವನ ಟ್ಯಾಂಕಿನ ಮುಚ್ಚಳ ವರ್ಷವಿಡೀ ತೆರೆದಿದ್ದರೂ ಅವನ ಅಂಕಿ ಏರುವುದಿಲ್ಲ. ಒಳ್ಳೆಯದಕ್ಕೆ ಬೆಲೆ ಇಲ್ಲ, ಕೆಟ್ಟದ್ದಕ್ಕೆ ದಂಡ ಇಲ್ಲ.

2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ತೈಲ ಮತ್ತು ಅನಿಲ ಸರಪಳಿಯನ್ನು ನೆಲದಲ್ಲೂ ವಿಮಾನದಿಂದಲೂ ಅಳೆದ ಅಂಕಿಗಳನ್ನು ಒಟ್ಟುಗೂಡಿಸಿತು. 2015ರಲ್ಲಿ ಸೋರಿದ್ದು ಸುಮಾರು 1.3 ಕೋಟಿ ಟನ್, ಉತ್ಪಾದನೆಯ ಶೇ 2.3. ಸರ್ಕಾರದ ಲೆಕ್ಕಕ್ಕಿಂತ ಇದು ಸುಮಾರು ಶೇ 60 ಹೆಚ್ಚು. ಲೆಕ್ಕದಲ್ಲಿ ಕಾಣದೆ ಉಳಿದದ್ದು ಎಲ್ಲಿಂದ ಬಂತು ಎಂದರೆ, ಹೆಚ್ಚಿನದು ಕೆಟ್ಟು ನಿಂತ ಕೆಲವೇ ಸಾಧನಗಳಿಂದ. ಸಾವಿರಾರು ಸೋರಿಕೆಗಳ ಅಳತೆಗಳನ್ನು ಒಟ್ಟಿಗೆ ನೋಡಿದ ಇನ್ನೊಂದು ಅಧ್ಯಯನದ ಪ್ರಕಾರ, ದೊಡ್ಡ ಶೇ 5ರಷ್ಟು ಸೋರಿಕೆಗಳೇ ಒಟ್ಟು ಪ್ರಮಾಣದ ಅರ್ಧಕ್ಕಿಂತ ಹೆಚ್ಚನ್ನು ಕೊಡುತ್ತವೆ. ಹನಿಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಇಲ್ಲಿ ಅರ್ಧ ಹಳ್ಳ ಏರಿ ಒಡೆದು ಬಂದದ್ದು.

ಏರಿ ಒಡೆದ ಉದಾಹರಣೆ ಬೇಕಿದ್ದರೆ ಕ್ಯಾಲಿಫೋರ್ನಿಯಾದ ಅಲಿಸೊ ಕ್ಯಾನ್ಯನ್. ಅನಿಲ ಸಂಗ್ರಹಿಸುವ ಹಳೆಯ ಬಾವಿ, 1953ರಲ್ಲಿ ಕೊರೆದದ್ದು. ನೆಲದೊಳಗಿನ ನೀರು ತಾಗಿ ಕೇಸಿಂಗ್ ಕೊಳವೆ ಹೊರಗಿನಿಂದ ತುಕ್ಕು ಹಿಡಿದು ಸೀಳಿತು. 2015ರ ಅಕ್ಟೋಬರಿನಿಂದ ಮುಂದಿನ ಫೆಬ್ರುವರಿಯವರೆಗೆ ಸುಮಾರು 97,000 ಟನ್ ಮೀಥೇನ್ ಒಂದೇ ತೂತಿನಿಂದ ಹೋಯಿತು. ನಮ್ಮ ದೇಶದಲ್ಲಿ ಅಸ್ಸಾಂನ ಬಾಗ್ಜಾನ್. 2020ರ ಮೇ 27ರಂದು ಬಾವಿ ಹಿಡಿತ ತಪ್ಪಿತು, ಜೂನ್ 9ರಂದು ಹೊತ್ತಿಕೊಂಡಿತು, ಮುಚ್ಚಿದ್ದು ನವೆಂಬರಿನಲ್ಲಿ. ಟಿವಿಯಲ್ಲಿ ನಾವೆಲ್ಲ ನೋಡಿದ್ದು ಬೆಂಕಿಯನ್ನು. ಅದಕ್ಕೆ ಮೊದಲ 13 ದಿನ ಅನಿಲ ಉರಿಯದೆ ಮೇಲೇರುತ್ತಿತ್ತು.

ಕೋಡಿಯೂ ನಂಬುವಂತಿಲ್ಲ

ಫ್ಲೇರ್ ನೋಡಿದರೆ ಎಲ್ಲ ಸುಟ್ಟುಹೋಯಿತು ಎನಿಸುತ್ತದೆ. ಲೆಕ್ಕದ ಪುಸ್ತಕದಲ್ಲೂ ಶೇ 98 ಉರಿಯುತ್ತದೆ ಎಂದೇ ಹಿಡಿಯುತ್ತಿದ್ದರು. 2022ರಲ್ಲಿ ಅಮೆರಿಕದ ಮೂರು ದೊಡ್ಡ ತೈಲ ಪ್ರದೇಶಗಳ ಮೇಲೆ ವಿಮಾನ ಹಾರಿಸಿ ಅಳೆದಾಗ ಸಿಕ್ಕಿದ್ದು ಶೇ 91. ಏಳು ಅಂಕಿ ತಾನೆ ಎನ್ನಬೇಡಿ. ಉರಿಯದೆ ಹೋದದ್ದು 2ರ ಬದಲು 9, ನಾಲ್ಕು ಪಟ್ಟಿಗೂ ಹೆಚ್ಚು. ಕಾರಣ ಎರಡು. ಕೆಲವು ಫ್ಲೇರ್‌ಗಳಲ್ಲಿ ಅನಿಲ ಹೊತ್ತಿಸಲೆಂದು ಸದಾ ಉರಿಯಬೇಕಾದ ಸಣ್ಣ ‘ಪೈಲಟ್’ ಜ್ವಾಲೆ ಆರಿಹೋಗಿರುತ್ತದೆ, ಅನಿಲ ಮಾತ್ರ ಬರುತ್ತಲೇ ಇರುತ್ತದೆ. ಇನ್ನು ಕೆಲವು ಉರಿಯುತ್ತಿದ್ದರೂ ಗಾಳಿ ಜೋರಾದಾಗ, ಇಲ್ಲವೇ ಹೊಗೆ ಬಾರದಿರಲೆಂದು ಹಬೆಯನ್ನು ಅತಿಯಾಗಿ ಬೆರೆಸಿದಾಗ, ಜ್ವಾಲೆ ತಣ್ಣಗಾಗಿ ಅರ್ಧಂಬರ್ಧ ಉರಿಯುತ್ತವೆ. ಕಪ್ಪು ಹೊಗೆ ಇಲ್ಲದ ಫ್ಲೇರ್ ಚೆನ್ನಾಗಿ ಉರಿಯುತ್ತಿದೆ ಎಂದು ತಿಳಿಯುವುದು ಇನ್ಸ್‌ಪೆಕ್ಟರ್‌ಗಳು ಸಾಮಾನ್ಯವಾಗಿ ಮಾಡುವ ತಪ್ಪು. ಪೈಲಟ್ ಪಕ್ಕ ಶಾಖ ಅಳೆಯುವ ಒಂದು ಥರ್ಮೋಕಪಲ್ ಇಟ್ಟು, ಶಾಖ ಇಳಿದ ಕೂಡಲೇ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯುವಂತೆ ಮಾಡಿದರೆ ಮೊದಲ ಕಾರಣ ಬಹುಮಟ್ಟಿಗೆ ಹೋಗುತ್ತದೆ. ಥರ್ಮೋಕಪಲ್ ಕೂಡ ಸುಟ್ಟುಹೋಗುವ ವಸ್ತು, ಅದನ್ನು ಬದಲಿಸಲು ಸಾಮಾನ್ಯವಾಗಿ ಫ್ಲೇರ್ ನಿಲ್ಲಿಸಬೇಕು. ಅದಕ್ಕೇ ಜಾಣರು ಎರಡು ಇಡುತ್ತಾರೆ.

ನಮ್ಮಲ್ಲಿ ತೈಲ ಕೊರೆಯುವ, ಅನಿಲ ತೆಗೆಯುವ ಉದ್ಯಮಕ್ಕೆ ಪರಿಸರ ಸಂರಕ್ಷಣಾ ನಿಯಮಗಳಡಿ ಒಂದು ಮಾರ್ಗಸೂಚಿ ಇದೆ. ಉರಿಸದೆ ಗಾಳಿಗೆ ಬಿಡಲೇಬಾರದು, ಎಲ್ಲವನ್ನೂ ಫ್ಲೇರ್ ಮಾಡಬೇಕು, ಕಂಬದ ಎತ್ತರ 30 ಮೀಟರಿಗೆ ಕಡಿಮೆ ಇರಬಾರದು ಎಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ಅದು ಅಕ್ಕಪಕ್ಕದ ಬೆಳೆ, ಜನ, ಬೆಂಕಿ ಅಪಾಯ ಇವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಎಷ್ಟು ಕಿಲೋ ಮೀಥೇನ್ ದಾಟಬಾರದು ಎಂಬ ಮಿತಿ ಅದರಲ್ಲಿಲ್ಲ. 2008ರ ರಿಫೈನರಿ ಮಾನದಂಡಗಳಲ್ಲಿ ವಾಲ್ವ್, ಪಂಪ್ ಸೀಲುಗಳ ಸೋರಿಕೆಯನ್ನು ಹುಡುಕಿ ಸರಿಪಡಿಸುವ ಕ್ರಮ ಆಗಲೇ ಬಂದಿದೆ. ಎಂದರೆ ಕೆಲಸ ಬಲ್ಲ ಜನ, ಉಪಕರಣ ನಮ್ಮ ದೇಶದಲ್ಲೇ ಇವೆ. ಅದೇ ಶಿಸ್ತನ್ನು ಬಾವಿಯ ಕಡೆಗೂ ಕೊಳವೆಯ ಕಡೆಗೂ, ಮೀಥೇನ್ ಎಂದು ಹೆಸರು ಹಿಡಿದು, ತರುವುದೇ ಮುಂದಿನ ಹೆಜ್ಜೆ ಎಂಬುದು ನಮ್ಮ ಅಭಿಪ್ರಾಯ.

ನೀರುಗಂಟಿಯ ಕೈಗೆ ಏನು ಕೊಡಬೇಕು

ಮೀಥೇನ್ ನಮ್ಮ ಕಣ್ಣಿಗೆ ಕಾಣದಿದ್ದರೂ 3.2ರಿಂದ 3.4 ಮೈಕ್ರೋಮೀಟರ್ ಅಲೆಯುದ್ದದ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು ಹೀರುತ್ತದೆ. ಆ ಅಲೆಯುದ್ದವನ್ನು ಮಾತ್ರ ನೋಡುವ, ತಂಪುಗೊಳಿಸಿದ ಸೆನ್ಸರ್ ಇರುವ ಕ್ಯಾಮೆರಾದಲ್ಲಿ ಸೋರಿಕೆ ಹೊಗೆಯಂತೆ ತೇಲುವುದು ಕಾಣುತ್ತದೆ. ಬೆಲೆ ಒಂದು ಲಕ್ಷ ಡಾಲರಿನ ಸುತ್ತಮುತ್ತ. ಅನಿಲಕ್ಕೂ ಹಿನ್ನೆಲೆಗೂ ತಾಪಮಾನದ ವ್ಯತ್ಯಾಸ ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಬಿರುಗಾಳಿಯಲ್ಲಿ ಚೆದರಿಹೋಗುತ್ತದೆ. ಹೊಸಬ ಹಿಡಿದರೆ ದೊಡ್ಡದನ್ನಷ್ಟೇ ಕಾಣುತ್ತಾನೆ. ಅನುಭವಿ ಕೊಳವೆಗಳನ್ನು ಜೋಡಿಸುವ ಒಂದೊಂದು ಫ್ಲ್ಯಾಂಜಿನ ಮುಂದೆಯೂ ನಿಂತು, ಕೋನ ಬದಲಿಸಿ, ಆಕಾಶವನ್ನೋ ಬಿಸಿಲು ಬಿದ್ದ ಗೋಡೆಯನ್ನೋ ಹಿನ್ನೆಲೆ ಮಾಡಿಕೊಂಡು ನೋಡುತ್ತಾನೆ.

ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದು ನಿಯಮದ ಜೀವ. ವರ್ಷಕ್ಕೊಮ್ಮೆ ಬಂದರೆ, ಬಂದು ಹೋದ ಮರುದಿನ ತೆರೆದುಕೊಂಡ ಮುಚ್ಚಳ 364 ದಿನ ತೆರೆದೇ ಇರುತ್ತದೆ. ಅಮೆರಿಕದ ನಿಯಮ ಕಂಪ್ರೆಸರ್ ಸ್ಟೇಷನ್‌ಗಳಿಗೆ ಮೂರು ತಿಂಗಳಿಗೊಮ್ಮೆ ಕ್ಯಾಮೆರಾ, ಅದರ ನಡುವೆ ಕಣ್ಣು, ಕಿವಿ, ಮೂಗಿನಿಂದಲೇ ನೋಡುವ ತಪಾಸಣೆ ಎಂದಿದೆ. ಐರೋಪ್ಯ ಒಕ್ಕೂಟದ ಮೀಥೇನ್ ಕಾನೂನು 2024ರ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಸೂಕ್ಷ್ಮ ತಪಾಸಣೆಯಲ್ಲಿ, ನೆಲದ ಮೇಲಿನ ಸಾಧನಗಳಿಗೆ, ಗಂಟೆಗೆ 1 ಗ್ರಾಂ ಸೋರಿದರೂ ಅದು ಲೀಕ್ ಎಂದೇ ಅರ್ಥ. ಕೂಡಲೇ ಆಗದಿದ್ದರೆ 5 ದಿನದೊಳಗೆ ರಿಪೇರಿಗೆ ಕೈಹಚ್ಚಬೇಕು, 30 ದಿನದೊಳಗೆ ಮುಗಿಸಬೇಕು. ಇಂಥ ನಿಯಮಗಳಲ್ಲೆಲ್ಲ ಒಂದು ಕಿಂಡಿ ಇರುತ್ತದೆ: ‘ಘಟಕ ನಿಲ್ಲಿಸದೆ ರಿಪೇರಿ ಆಗದು’ ಎಂದು ಬರೆದುಕೊಟ್ಟರೆ ಮುಂದಿನ ಶಟ್‌ಡೌನ್‌ವರೆಗೆ ಸಮಯ ಸಿಗುತ್ತದೆ. ನ್ಯಾಯವಾದ ಕಿಂಡಿಯೇ, ಆದರೆ ಎಲ್ಲರೂ ಅದರಲ್ಲೇ ತೂರಿಕೊಂಡು ಹೋಗುತ್ತಾರೆ. ಮುಂದೂಡಿದ ಪ್ರತಿ ಲೀಕಿಗೂ ಆ ಜಾಗದಲ್ಲೇ ತೂಗುಹಾಕಿದ ಗುರುತಿನ ಚೀಟಿ, ದಿನಾಂಕ, ಅಳತೆ ಇರಬೇಕೆಂದು ಒತ್ತಾಯಿಸಿದರೆ ಮಾತ್ರ ಇದು ಹಿಡಿತದಲ್ಲಿರುತ್ತದೆ.

ಒಡೆದ ಏರಿಯನ್ನು ಹುಡುಕುವುದಕ್ಕೆ ಉಪಗ್ರಹ. ಯುರೋಪಿನ ಸೆಂಟಿನೆಲ್-5ಪಿ 2017ರಿಂದ ದಿನವೂ ಇಡೀ ಭೂಮಿಯನ್ನು ನೋಡುತ್ತಿದೆ, ಆದರೆ ಅದಕ್ಕೆ ಕಾಣುವುದು ಗಂಟೆಗೆ ಟನ್‌ಗಟ್ಟಲೆ ಹೋಗುವಂಥದ್ದು. ಕೆನಡಾದ ಜಿಎಚ್‌ಜಿಸ್ಯಾಟ್‌ನಂಥವು ಕಿರಿದಾದ ಜಾಗವನ್ನು ನೋಡಿದರೂ ಗಂಟೆಗೆ 100 ಕಿಲೋ ಆಸುಪಾಸಿನದನ್ನು ಹಿಡಿಯುತ್ತವೆ. ಅಮೆರಿಕದ ನಿಯಮವೂ 100 ಕಿಲೋವನ್ನೇ ಗೆರೆಯಾಗಿ ಎಳೆದು, ಅದಕ್ಕಿಂತ ದೊಡ್ಡದನ್ನು ‘ಸೂಪರ್ ಎಮಿಟರ್’ ಎಂದಿತು. ತೂಕದಲ್ಲಿ ಹೇಳುವುದಾದರೆ, ಗಂಟೆಗೆ ಏಳು ಎಲ್‌ಪಿಜಿ ಸಿಲಿಂಡರ್ ತೆರೆದು ಬಿಟ್ಟಂತೆ. ಮಾನ್ಯತೆ ಪಡೆದ ಹೊರಗಿನವರು ಇಂಥದ್ದನ್ನು ಕಂಡು ತಿಳಿಸಿದರೆ ಕಂಪನಿ 5 ದಿನದಲ್ಲಿ ತನಿಖೆ ಶುರುಮಾಡಬೇಕು, 15 ದಿನದಲ್ಲಿ ವರದಿ ಕೊಡಬೇಕು ಎಂಬ ಏರ್ಪಾಡು ಅದರಲ್ಲಿತ್ತು. ಉಪಗ್ರಹವೂ ಸರ್ವಜ್ಞ ಅಲ್ಲ. ಮೋಡ ಮುಚ್ಚಿದರೆ ಕುರುಡು, ಎಂದರೆ ನಮ್ಮ ಮುಂಗಾರಿನ ನಾಲ್ಕು ತಿಂಗಳು ಬಹುತೇಕ ಹೋದಂತೆ. ಸಮುದ್ರದ ನೀರು ಬೆಳಕನ್ನು ನುಂಗುತ್ತದೆ, ಬಿಸಿಲು ಕನ್ನಡಿಯಂತೆ ಮಿನುಗುವ ಕೋನದಲ್ಲಿ ಮಾತ್ರ ಅಲ್ಲಿ ಅಳೆಯಬಹುದು. ನಮ್ಮ ದೊಡ್ಡ ತೈಲ ಕ್ಷೇತ್ರ ಬಾಂಬೆ ಹೈ ಇರುವುದು ಸಮುದ್ರದಲ್ಲಿ. ಅಲ್ಲಿ ಕೆಲಸಕ್ಕೆ ಬರುವುದು ಪ್ಲಾಟ್‌ಫಾರ್ಮಿನಲ್ಲಿ ಕೂರಿಸಿದ ಸೆನ್ಸರ್, ಡ್ರೋನ್, ವಿಮಾನ.

ನಿಯಮದ ಆಯುಸ್ಸಿನ ಬಗ್ಗೆ ಒಂದು ಮಾತು. ಅಮೆರಿಕ 2022ರ ಕಾನೂನಿನಲ್ಲಿ ಹೆಚ್ಚುವರಿ ಮೀಥೇನ್ ಮೇಲೆ ಶುಲ್ಕ ಹಾಕಿತು: 2024ಕ್ಕೆ ಟನ್ನಿಗೆ 900 ಡಾಲರ್, 2026ಕ್ಕೆ 1,500. 2025ರಲ್ಲಿ ಅಲ್ಲಿನ ಸಂಸತ್ತು ಶುಲ್ಕ ವಸೂಲಿಯ ನಿಯಮವನ್ನು ರದ್ದು ಮಾಡಿ, ಶುಲ್ಕವನ್ನೇ 2034ಕ್ಕೆ ಮುಂದೂಡಿತು. ಅದೇ ದೇಶದ ಕೊಲರಾಡೊ ರಾಜ್ಯ 2014ರಲ್ಲೇ ಮೀಥೇನನ್ನು ನೇರವಾಗಿ ನಿಯಂತ್ರಿಸುವ ನಿಯಮ ತಂದು, ಬಿಗಿ ಮಾಡುತ್ತಲೇ ಬಂದಿದೆ. ದೆಹಲಿಯೋ ಬೆಂಗಳೂರೋ ಎಂದು ನಾವು ವಾದಿಸುವ ಹಾಗೆ ಅಲ್ಲೂ ಇದೆ.

ಸಭೆಯ ಪ್ರಶ್ನೆಗಳು

“ಹಸು ಎಮ್ಮೆಗಳಿಂದಲೂ ಗದ್ದೆಯಿಂದಲೂ ಮೀಥೇನ್ ಬರುತ್ತದಂತೆ. ನಾಳೆ ನಮ್ಮ ಡೈರಿಗೂ ನಿಯಮ ತರುತ್ತಾರೇನು?” ಎಂದು ಹಾಲು ಹಾಕುವ ರೈತರೊಬ್ಬರು ಕೇಳಿದರು.

ಬರುವುದು ನಿಜ. ಭಾರತದ ಮೀಥೇನಿನಲ್ಲಿ ದೊಡ್ಡ ಪಾಲು ದನಕರು ಮತ್ತು ಭತ್ತದ್ದೇ. 2021ರಲ್ಲಿ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ, 2030ರೊಳಗೆ ಜಗತ್ತಿನ ಮೀಥೇನನ್ನು 2020ರ ಮಟ್ಟಕ್ಕಿಂತ ಶೇ 30 ಇಳಿಸುವ ಪ್ರತಿಜ್ಞೆ ಆಯಿತು. ಭಾರತ ಅದಕ್ಕೆ ಸೇರಲಿಲ್ಲ, ಸಣ್ಣ ರೈತರ ಬದುಕು ಇದರಲ್ಲಿದೆ ಎಂಬ ಕಾರಣ ಕೊಟ್ಟಿತು. ಆ ಕಾರಣ ಸರಿ. ಆದರೆ ಮೆಲುಕು ಹಾಕುವ ಹಸುವಿಗೆ ವಾಷರ್ ಬದಲಿಸಲು ಬರುವುದಿಲ್ಲ, ಕಂಪ್ರೆಸರಿಗೆ ಬರುತ್ತದೆ. ತೈಲ ಮತ್ತು ಅನಿಲದ ಸೋರಿಕೆಯಲ್ಲಿ ಸುಮಾರು ಶೇ 70ನ್ನು ಈಗಿರುವ ತಂತ್ರಗಳಿಂದಲೇ ನಿಲ್ಲಿಸಬಹುದು, ಹಿಡಿದ ಅನಿಲವನ್ನು ಮಾರಿ ಖರ್ಚಿನ ಒಂದಿಷ್ಟನ್ನು ಹಿಂದಕ್ಕೆ ಪಡೆಯಲೂಬಹುದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ರೈತನ ಹೆಸರು ಮುಂದೆ ಮಾಡಿ ಫ್ಲ್ಯಾಂಜಿನ ಸೋರಿಕೆಯನ್ನು ಅದರ ಹಿಂದೆ ಬಚ್ಚಿಡುವುದು ರೈತನಿಗೇ ಅನ್ಯಾಯ.

“ಹೊರಗಿನಿಂದ ತರಿಸುವ ಗ್ಯಾಸಿನ ಸೋರಿಕೆ ನಮ್ಮ ಲೆಕ್ಕವೇ?” ಎಂಬುದು ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ.

ನಾವು ಬಳಸುವ ನೈಸರ್ಗಿಕ ಅನಿಲದಲ್ಲಿ ಹತ್ತಿರ ಹತ್ತಿರ ಅರ್ಧ ದ್ರವರೂಪದಲ್ಲಿ ಹಡಗಿನಲ್ಲಿ ಬರುತ್ತದೆ. ಬಾವಿಯ ಬಳಿ ಸೋರಿದ್ದು ಆ ದೇಶದ ಪುಸ್ತಕಕ್ಕೆ ಹೋಗುತ್ತದೆ, ಆದರೆ ಬಿಸಿ ಎಲ್ಲರಿಗೂ ಒಂದೇ. ಇಲ್ಲಿ ಕೊಳ್ಳುವವನ ಕೈಯಲ್ಲೂ ಬಲ ಇದೆ. ಐರೋಪ್ಯ ಕಾನೂನಿನಲ್ಲಿ ಬರೆದಿರುವಂತೆ, 2027ರಿಂದ ಹೊಸ ಒಪ್ಪಂದಗಳಡಿ ಬರುವ ಅನಿಲಕ್ಕೆ ಅಲ್ಲಿನಷ್ಟೇ ಬಿಗಿಯಾದ ಅಳತೆಯ ದಾಖಲೆ ತೋರಿಸಬೇಕು. ನಾವೂ ದೊಡ್ಡ ಗಿರಾಕಿಗಳೇ. ಹಾಲಿನ ಡಿಗ್ರಿ ನೋಡದೆ ಡೈರಿಯವರು ಹಾಲು ಹಾಕಿಸಿಕೊಳ್ಳುತ್ತಾರೆಯೇ?

ಕೊನೆಯ ಪ್ರಶ್ನೆ ಗೃಹಿಣಿಯೊಬ್ಬರದು: “ಮನೆಗೆ ಪೈಪಿನ ಗ್ಯಾಸ್ ಬಂದಿದೆ. ವಾಸನೆ ಬರದಿದ್ದರೆ ಸೋರಿಕೆ ಇಲ್ಲ ಅಂತ ತಾನೆ ಅಮ್ಮ ಹೇಳುವುದು?”

ವಾಸನೆ ಅನಿಲದ್ದಲ್ಲ, ಊರಿಗೆ ಬರುವ ಕಡೆ ಬೆರೆಸಿದ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಗಾಳಿಯಲ್ಲಿ ಶೇ 5ರಿಂದ 15 ಮೀಥೇನ್ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ಆ ಶೇ 5ರ ಐದನೇ ಒಂದು ಭಾಗ, ಎಂದರೆ ಶೇ 1 ಆಗುವಷ್ಟರಲ್ಲಿ ಮೂಗಿಗೆ ತಿಳಿಯಬೇಕು ಎಂಬ ಲೆಕ್ಕದಲ್ಲಿ ಅದನ್ನು ಬೆರೆಸುತ್ತಾರೆ. ಅಡುಗೆಮನೆಯ ಒಳಗೆ ಆ ಲೆಕ್ಕ ನಿಮ್ಮ ಜೀವ ಕಾಯುತ್ತದೆ. ಮನೆಯ ಹೊರಗೆ, ಗೋಡೆಯ ಮೇಲೇರುವ ಕೊಳವೆಯ ಕೀಲಿನಲ್ಲಿ ಸೋರಿದರೆ ಗಾಳಿ ಅದನ್ನು ಶೇ 1 ಆಗಲು ಬಿಡುವುದೇ ಇಲ್ಲ, ತಿಂಗಳುಗಟ್ಟಲೆ ಸೋರಿದರೂ ಗೊತ್ತಾಗದೆ ಇರಬಹುದು. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿ, ಬ್ರಷ್‌ನಿಂದ ಮೀಟರಿನ ಎರಡೂ ಕಡೆಯ ನಟ್, ವಾಲ್ವಿನ ಹಿಡಿಯ ಬುಡ, ರಬ್ಬರ್ ಹೋಸ್ ಸೇರುವ ಜಾಗಕ್ಕೆ ಹಚ್ಚಿ. ಅರ್ಧ ನಿಮಿಷ ನೋಡಿ. ಗುಳ್ಳೆ ಬೆಳೆಯುತ್ತಾ ಹೋದರೆ ಸೋರಿಕೆ ಇದೆ. ಮೀಟರಿಗೆ ಮೊದಲು ಬರುವ ವಾಲ್ವನ್ನು ಪೈಪಿಗೆ ಅಡ್ಡವಾಗಿ ತಿರುಗಿಸಿ ಮುಚ್ಚಿ, ಬಿಲ್ಲಿನ ಮೇಲಿರುವ ತುರ್ತು ನಂಬರಿಗೆ ಫೋನ್ ಮಾಡಿ. ನಟ್ ನೀವೇ ಬಿಗಿ ಮಾಡಲು ಹೋಗಬೇಡಿ. ಬಹಳ ಸಲ ಒಳಗಿನ ವಾಷರ್ ಓರೆಯಾಗಿ ಕೂತಿರುತ್ತದೆ, ಬಿಗಿದಷ್ಟೂ ಸೀಳುತ್ತದೆ.